ಡಾಕ್ಟ್ರ ಕಾರಿಗೆ ಹಚ್ಚಿದ ಮೀನೆಣ್ಣೆ

ರಿಪೇರಿಯ ಅಂದಾಜು ಬರೆಯಲು ಕೂರುವ ಮೊದಲು ಒಂದು ಗೋಣಿಚೀಲ ಹುಡುಕಿಕೊಳ್ಳಬೇಕು. ಅದನ್ನು ನೆಲಕ್ಕೆ ಹಾಸಿ, ಅಂಗಾತ ಮಲಗಿ, ಗಾಡಿಯ ಹೊಟ್ಟೆಯಡಿಗೆ ತೆವಳಿಕೊಂಡು ಹೋಗಬೇಕು. ಮೇಲಿನಿಂದ ನೋಡಿದರೆ ಗಾಡಿಯ ಮಾಲೀಕನಿಗೆ ಕಂಡದ್ದಷ್ಟೇ ನಮಗೂ ಕಾಣುತ್ತದೆ. ಈಚೆಗೆ ಈ ಕೆಲಸಕ್ಕೆ ಸೇರುವ ಹುಡುಗರ ಕೈಯಲ್ಲಿ ಕಂಪನಿಯವರೇ ಅಚ್ಚು ಹಾಕಿಸಿದ ದರದ ಪಟ್ಟಿ ಇರುತ್ತದೆ. ಯಾವ ಸಾಮಾನಿಗೆ ಎಷ್ಟು, ಯಾವ ಕೆಲಸಕ್ಕೆ ಎಷ್ಟು ತಾಸು ಎಂಬುದೆಲ್ಲ ಅದರಲ್ಲೇ ಇದೆ. ಒಳ್ಳೆಯದೇ. ಆದರೆ ಗಾಡಿಗೆ ಏನಾಗಿದೆ ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಾಗಾಗಿ ನನ್ನ ಕಾಲದ ಕೆಲವು ಸಂಗತಿ ಬರೆದಿಡುತ್ತೇನೆ. ಅದರಲ್ಲಿ ಒಂದು ನನ್ನ ತಪ್ಪು. ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಬರೆದರೆ ಬರೆಯದೇ ಇದ್ದ ಹಾಗೆ.

ನನ್ನ ಊರು ಕುಮಟಾ ತಾಲೂಕಿನ ಹಿರೇಗುತ್ತಿ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು. ಅಣೆ ಹೋಗಿ ನಯೆ ಪೈಸೆ ಬಂದ ಹೊಸದರಲ್ಲಿ ಹೊನ್ನಾವರದ ಪಾಸ್ಕಲ್ ಮಿಸ್ತ್ರಿಯವರ ಗ್ಯಾರೇಜಿನಲ್ಲಿ ಅಂದಾಜು ಬರೆಯುವ ಗುಮಾಸ್ತನಾಗಿ ಸೇರಿದೆ. ಗ್ಯಾರೇಜು ಎಂದರೆ ಬಂದರಿನ ರಸ್ತೆಯಲ್ಲಿ ಮೂರು ಬದಿ ಗೋಡೆಯಿಲ್ಲದ ಒಂದು ಹಂಚಿನ ಮಾಡು, ನಡುವೆ ಮನುಷ್ಯ ಇಳಿದು ನಿಲ್ಲುವಷ್ಟು ಆಳದ ಒಂದು ಗುಂಡಿ. ಮಿಸ್ತ್ರಿಯವರಿಗೆ ಓದುಬರಹ ಅಷ್ಟಕ್ಕಷ್ಟೇ. ಮುಂಬಯಿ ಸರಕಾರದ ಕಾಲದಲ್ಲಿ ಮರಾಠಿಯಲ್ಲಿ ಅಚ್ಚಾದ ನಮೂನೆಗಳ ಕಟ್ಟೊಂದು ಅವರಲ್ಲಿ ಉಳಿದಿತ್ತು. ಅದರ ಬೆನ್ನಿಗೆ ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಮೊದಲ ತಿಂಗಳು ಅವರು ಅಣೆಯಲ್ಲಿ ಹೇಳುವುದು, ನಾನು ನಯೆ ಪೈಸೆಗೆ ತಿರುಗಿಸುವುದು, ಗಿರಾಕಿ ಅದನ್ನು ಮತ್ತೆ ಅಣೆಗೆ ತಿರುಗಿಸಿ ಜಗಳಕ್ಕೆ ನಿಲ್ಲುವುದು, ಇದೇ ನಡೆದಿತ್ತು.

ಮಿಸ್ತ್ರಿಯವರು ಒಂದು ಪದ್ಧತಿ ಕಲಿಸಿದರು. ಹಳೆಯ ಗಾಡಿ ಬಂದರೆ ಕಾಗದದಲ್ಲಿ ಮೂರು ಪಾಲು ಮಾಡಬೇಕು. ಈಗಲೇ ಆಗಬೇಕಾದದ್ದು, ಮಳೆಗಾಲದೊಳಗೆ ಆಗಬೇಕಾದದ್ದು, ಬಿಟ್ಟರೂ ನಡೆಯುವುದು. "ಪುತಾ, ಹಳೇ ಗಾಡಿಯ ಎಲ್ಲ ರೋಗ ಒಂದೇ ಕಾಗದದಲ್ಲಿ ಒಟ್ಟಿಗೆ ಬರೆದ್ರೆ ಮಾಲೀಕ ಗಾಡಿ ಇಲ್ಲೇ ಬಿಟ್ಟು ಓಡ್ತಾನೆ. ಆಮೇಲೆ ಅದನ್ನ ನೀನು ಸಾಕ್ತೀಯಾ?" ಎನ್ನುತ್ತಿದ್ದರು.

ಈ ಮೂರು ಪಾಲಿನಲ್ಲಿ ಮೊದಲನೆಯದೇ ಯಾವಾಗಲೂ ತುಂಬಿರುತ್ತಿದ್ದ ಗಾಡಿ ಒಂದಿತ್ತು. ಅದು ಕಾಮತ ಡಾಕ್ಟ್ರ ಕಾರು.

ಕಾಮತ ಡಾಕ್ಟ್ರ ದವಾಖಾನೆ ಹೊನ್ನಾವರದಲ್ಲಿ. ವಾರಕ್ಕೆ ಎರಡು ದಿನ ನದಿ ದಾಟಿ ಭಟ್ಕಳದ ಕಡೆ ಕಾಯ್ಕಿಣಿಗೆ ಹೋಗಿ ಅಲ್ಲಿ ಒಂದು ಜಗಲಿಯ ಮೇಲೆ ಕೂತು ರೋಗಿಗಳನ್ನು ನೋಡುತ್ತಿದ್ದರು. ಬಾಣಂತನದ ಕರೆ ಬಂದರೆ ವಾರ ನೋಡುತ್ತಿರಲಿಲ್ಲ. ಅವರು ಮುಂಬಯಿಯಲ್ಲಿ ಕಲಿಯುತ್ತಿದ್ದಾಗ ತನ್ನ ದೇಶಕ್ಕೆ ಹೊರಟ ಒಬ್ಬ ಬಿಳಿಯ ಇಂಜಿನಿಯರ ಬಿಟ್ಟುಕೊಟ್ಟ ಕಾರು ಅದು. ವಿಲಾಯತಿಯಲ್ಲಿ ಪಂದ್ಯಕ್ಕೆ ಓಡಿಸುವ ಜಾತಿಯದಂತೆ. ಎರಡೇ ಸೀಟು, ಮೇಲೆ ಮಡಚುವ ಕ್ಯಾನ್ವಾಸು, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ, ಮೊಣಕಾಲೆತ್ತರದ ಬಾಗಿಲು. ಡಾಕ್ಟ್ರು ಆರಡಿ ಆಳು. ಅದರಲ್ಲಿ ಕೂತರೆ ತಲೆ ಗಾಜಿನ ಮೇಲೆ, ಬೆನ್ನು ರಸ್ತೆಗೆ ತಾಗಿದಂತೆ. ಪೇಟೆಯವರು ಅದನ್ನು "ಡಾಕ್ಟ್ರ ಪಾತಿ" ಎಂದು ಕರೆಯುತ್ತಿದ್ದರು. ಪಾತಿ ಎಂದರೆ ಇಬ್ಬರು ಕೂರುವ ಚಿಕ್ಕ ದೋಣಿ.

ಆ ಕಾರಿನಲ್ಲಿ ನಾನು ಮಾಡಿದ ಮೊದಲ ತಪ್ಪು ನಗುವಂಥದ್ದು. ಇಂಜಿನ್ನು ಕೆಮ್ಮುತ್ತಿತ್ತು. ಕಾರ್ಬುರೇಟರ್ ಬಿಚ್ಚಿ ತೊಳೆದು ಕೂರಿಸಲು ಇಷ್ಟು ಎಂದು ಬರೆದುಕೊಟ್ಟೆ. ಬಾನೆಟ್ ಎತ್ತಿದರೆ ಎರಡು ಕಾರ್ಬುರೇಟರ್! ಡಾಕ್ಟ್ರು ಕಾಗದ ನೋಡಿ, "ನಾಯ್ಕ, ಮನುಷ್ಯನಿಗೆ ಶ್ವಾಸಕೋಶ ಎಷ್ಟು?" ಎಂದರು. ಎರಡು ಎಂದೆ. "ಇವನಿಗೂ ಅಷ್ಟೇ" ಎಂದು ಸಹಿ ಹಾಕಿದರು. ಎರಡನ್ನೂ ಒಂದೇ ಉಸಿರಿಗೆ ಹೊಂದಿಸಲು ಮಿಸ್ತ್ರಿಯವರಿಗೆ ಎರಡು ದಿನ ಹಿಡಿಯಿತು. ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ ಹಿಡಿದು ಗಾಳಿಯ ಸದ್ದು ಕೇಳಿ ಹೊಂದಿಸಿದರು. ನಾನು ಬರೆದದ್ದು ಅರ್ಧ ದಿನ.

ಎರಡನೆಯ ತಪ್ಪಿನಿಂದ ಆಚಾರಿ ಬಂದರು.

ಒಂದು ಮಳೆಗಾಲ ಕಳೆದ ಮೇಲೆ ಡಾಕ್ಟ್ರು ಕಾರು ತಂದು, "ಬಾಗಿಲು ನೇತಾಡ್ತದೆ ಮಾರಾಯ. ನಿನ್ನೆ ತಿರುವಿನಲ್ಲಿ ತಾನೇ ತೆರೆದುಕೊಂಡು ಒಬ್ಬಳು ಅಜ್ಜಿಗೆ ನಮಸ್ಕಾರ ಮಾಡ್ತು" ಎಂದರು. ನಾನು ಬಾಗಿಲು ಅಲ್ಲಾಡಿಸಿ ನೋಡಿ ಬರೆದೆ: ಬಿಜಾಗರಿ ಎರಡು, ಸ್ಕ್ರೂ ಎಂಟು, ಮಜೂರಿ ಅರ್ಧ ದಿನ. ಮಿಸ್ತ್ರಿಯವರು ಹೊಸ ಬಿಜಾಗರಿ ಇಟ್ಟು ಮೊದಲ ಸ್ಕ್ರೂ ತಿರುಗಿಸಿದರು. ಹಣ್ಣಾದ ಹಲಸಿನ ತೊಳೆಗೆ ಬೆರಳು ಹಾಕಿದ ಹಾಗೆ ಅದು ಒಳಗೆ ಹೋಯಿತು.

"ಅರೇ ಸಾಯ್ಬಾ! ಇದು ಕಾರಾ, ಕಪಾಟಾ?"

ತಗಡು ಬಿಡಿಸಿ ನೋಡಿದರೆ ಒಳಗೆಲ್ಲ ಮರ. ಆ ಜಾತಿಯ ಕಾರಿಗೆ ಅಡಿಯ ಚೌಕಟ್ಟು ಮಾತ್ರ ಕಬ್ಬಿಣದ್ದು, ಮೇಲಿನ ಮೈಯ ಎಲುಬೆಲ್ಲ ಮರದ್ದು, ಅದಕ್ಕೆ ತಗಡು ಹೊದಿಸಿದ್ದು. ನಮ್ಮ ಮಳೆಗೆ ಬಾಗಿಲ ಕಂಬಗಳು ಕೊಳೆತು ಕಪ್ಪಾಗಿದ್ದವು. ಮಿಸ್ತ್ರಿಯವರು ನನ್ನ ಕಾಗದ ಮುಖದ ಹತ್ತಿರ ಹಿಡಿದು, "ಎಂಟು ಸ್ಕ್ರೂ ಬರೆದೀಯಲ್ಲ, ಎಲ್ಲಿ ಹೊಡೀಲಿ? ಗಾಳಿಗಾ?" ಎಂದು ಕೂಗಿದರು.

ಕಬ್ಬಿಣ ಬಲ್ಲವರು ಅವರು, ಮರ ಮುಟ್ಟಿದವರಲ್ಲ. ಆಗ ನನಗೆ ನೆನಪಾದದ್ದು ಕಾಗಾಲದ ಸುಬ್ಬಾಚಾರಿ. ಅಘನಾಶಿನಿಯ ದಡದಲ್ಲಿ ದೋಣಿ ಕಟ್ಟುವವರು. ನನ್ನ ಅಪ್ಪನ ದೋಣಿ ಎರಡು ಸಲ ಅವರ ಕೈಯಲ್ಲಿ ಸರಿಯಾಗಿತ್ತು. ಕುಮಟೆಯ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿಕಳಿಸಿದೆ. ಮೂರನೆಯ ದಿನ ಉಳಿ ಬಾಚಿಯ ಚೀಲ ಹೊತ್ತುಕೊಂಡು ಬಂದರು. ಗಿಡ್ಡ ಮೈ, ಮೊಣಕಾಲಿನ ಮೇಲೆ ಪಂಚೆ, ಕಿವಿಯಲ್ಲಿ ಪೆನ್ಸಿಲ್ಲು. ಕಾರಿನ ಸುತ್ತ ಒಂದು ಸುತ್ತು ಬಂದು ಮರಕ್ಕೆ ಬೆರಳಿನ ಗಂಟಿನಿಂದ ಬಡಿದು ನೋಡಿದರು.

"ಈ ದೋಣಿಗೆ ಚಕ್ರ ಹಚ್ಚಿದವ ಯಾರಾ?" ಎಂದು ಕೇಳಿದರು.

"ಎಷ್ಟಾಗ್ತದೆ ಆಚಾರ್ರೆ? ಅಂದಾಜು ಬರೀಬೇಕು."

"ಬಿಚ್ಚಿ ನೋಡದೆ ನಾ ಬಾಯಿ ಬಿಡುದಿಲ್ಲ ತಮಾ. ನಿಂಗೆ ಬರೆಯೂಕೆ ಅವಸರ ಇದ್ರೆ ನಿನ್ನ ಹೆಸರು ಬರ್ಕೊ."

ಬಿಚ್ಚಿ ನೋಡಿದ ಮೇಲೆ ಒಂಬತ್ತು ದಿನ ಎಂದರು. ಒಂಬತ್ತೇ ದಿನ ಹಿಡಿಯಿತು. ಹೆಬ್ಬಲಸಿನ ಮರ ತರಿಸಿ, ಕೊಳೆತ ಒಂದೊಂದು ಎಲುಬನ್ನೂ ಎದುರಿಗೆ ಇಟ್ಟುಕೊಂಡು ಅದರಂತೆಯೇ ಕೆತ್ತಿದರು. ಅಳತೆಪಟ್ಟಿ ಮುಟ್ಟಲಿಲ್ಲ, ಗೇಣು ಮತ್ತು ಬೆರಳೇ ಅಳತೆ. ಮಿಸ್ತ್ರಿಯವರು ಮೊದಲ ದಿನ ಗುರುಗುಟ್ಟಿದರು, ನಾಲ್ಕನೆಯ ದಿನ ಪಕ್ಕದಲ್ಲಿ ಕೂತು ಬೀಡಿ ಹಂಚಿಕೊಂಡರು. ಕೆಲಸ ಮುಗಿದ ಮೇಲೆ ಆಚಾರಿ ಒಂದು ಡಬ್ಬ ಮೀನೆಣ್ಣೆ ತೆಗೆದು, ಬಟ್ಟೆಯ ಉಂಡೆ ಅದ್ದಿ, ಹೊಸ ಮರಕ್ಕೆ ಎಳೆಯ ಉದ್ದಕ್ಕೆ ತಿಕ್ಕಿದರು. ನಮ್ಮ ಕಡೆ ದೋಣಿಗೆ ವರ್ಷ ವರ್ಷ ಹಚ್ಚುವುದು ಇದನ್ನೇ. ಉಪ್ಪುನೀರು ಮರವನ್ನು ಮುಟ್ಟುವುದಿಲ್ಲ.

ಡಬ್ಬದಲ್ಲಿ ಅರ್ಧ ಉಳಿಯಿತು. "ಇದನ್ನ ಕಬ್ಬಿಣಕ್ಕೂ ಹಚ್ಚಬಹುದಾ?" ಎಂದು ಕೇಳಿದೆ.

"ಮರ ಎಣ್ಣೆ ಕುಡೀತದೆ, ಅದು ನಂಗೆ ಗೊತ್ತು. ಬೇರೇದು ಎಂತ ಮಾಡ್ತದೋ ನಂಗೆ ಗೊತ್ತಿಲ್ಲ. ಉಳ್ದದ್ದು ಮೂಲೇಲಿ ಇಡು, ಮುಂದಿನ ಸಲ ಬಪ್ಪೂಕಾದ್ರೆ ತಕಂಡು ಹೋತೆ."

ಅವರು ಮಧ್ಯಾಹ್ನದ ಬಸ್ಸಿಗೆ ಹೋದರು. ಡಾಕ್ಟ್ರು ಸಂಜೆಗೆ ಬರುವವರಿದ್ದರು. ನನಗೆ ಒಂದು ಬುದ್ಧಿ ಹೊಳೆಯಿತು. ಆಗ ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಎರಡು ದೊಡ್ಡ ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲದ ಮೇಲೆ ಗಾಡಿ ಹತ್ತಿಸಿ ಆಚೆ ದಡಕ್ಕೆ ಒಯ್ಯುತ್ತಿದ್ದರು. ಹತ್ತಿಸುವಾಗಲೂ ಇಳಿಸುವಾಗಲೂ ಅಡಿಗೆ ಉಪ್ಪುನೀರು ಎರಚುತ್ತಿತ್ತು. ಡಾಕ್ಟ್ರ ಕಾರಿನ ಅಡಿಯ ಕಬ್ಬಿಣ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದುದನ್ನು ನಾನು ಗೋಣಿಚೀಲದ ಮೇಲೆ ಮಲಗಿ ಎಷ್ಟೋ ಸಲ ನೋಡಿದ್ದೆ. ದೋಣಿಗೆ ಆಗುವುದು ಇದಕ್ಕೇಕೆ ಆಗಬಾರದು ಎನಿಸಿತು. ಬಣ್ಣದ ಕುಂಚವೊಂದನ್ನು ತೆಗೆದುಕೊಂಡು ಗುಂಡಿಗೆ ಇಳಿದೆ. ಕಬ್ಬಿಣ, ನಳಿಗೆ, ಸ್ಪ್ರಿಂಗು, ಒಂದಿಂಚೂ ಬಿಡದೆ ಹಚ್ಚಿದೆ. ಮಿಸ್ತ್ರಿಯವರು ಊಟಕ್ಕೆ ಹೋಗಿದ್ದರು. ಸಂಜೆ ಕಾಗದ ಬರೆಯುವಾಗ ಎಣ್ಣೆಯನ್ನು ಯಾವ ತಲೆಬರಹದಡಿ ಬರೆಯುವುದೆಂದು ತಿಳಿಯಲಿಲ್ಲ. 'ಆಚಾರಿ ಕೆಲಸ' ಎಂಬುದರ ಅಡಿಯಲ್ಲೇ ಬರೆದೆ: ಮೀನೆಣ್ಣೆ, ಒಂದು ಡಬ್ಬ, ಮರಕ್ಕೆ ಮತ್ತು ಅಡಿಭಾಗಕ್ಕೆ.

ಆ ಹೊತ್ತಿಗೆ ಅದು ಸುಳ್ಳು ಎಂದು ನನಗೆ ತೋರಲಿಲ್ಲ. ಕಾಗದದಲ್ಲಿ ಜಾಗ ಇದ್ದಲ್ಲಿ ಬರೆದೆ, ಅಷ್ಟೇ.

ಎರಡು ತಿಂಗಳು ಕಾರು ಚೆನ್ನಾಗಿ ಓಡಿತು. ಬಾಗಿಲು ಪೆಟ್ಟಿಗೆಯ ಹಾಗೆ ಮುಚ್ಚುತ್ತಿತ್ತು. ಡಾಕ್ಟ್ರು ಹೋದಲ್ಲೆಲ್ಲ ಆಚಾರಿಯ ಮಾತು ಹೇಳಿದರು. ಭಟ್ಕಳದಲ್ಲಿ ಮೀನಿನ ವ್ಯಾಪಾರದ ಇಸ್ಮಾಯಿಲ್ ಸಾಹೇಬರು ಎಂಬುವರಿದ್ದರು. ಅವರು ಆ ಮಾತು ಕೇಳಿಯೇ ಕಾಗಾಲಕ್ಕೆ ಹೋಗಿ ಆಚಾರಿಯನ್ನು ಕಂಡರು. ಅವರಿಗೆ ಇಂಜಿನ್ ಕೂರಿಸುವ ಲಾಂಚು ಬೇಕಿತ್ತು. ಆಗ ನಮ್ಮ ದಡದಲ್ಲಿ ಲಾಂಚು ಹೊಸದು. ಆಚಾರಿ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಹುಟ್ಟು ಹಾಕುವ, ಹಾಯಿ ಕಟ್ಟುವ ದೋಣಿಗಳು. ಇನ್ನು ಹತ್ತು ವರ್ಷದಲ್ಲಿ ಹಾಯಿಯ ಕೆಲಸ ಇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಈ ಒಂದು ಲಾಂಚು ನೀರಿಗಿಳಿದರೆ ಮುಂದೆ ಎಲ್ಲರೂ ಅವರು ದೋಣಿ ಕಟ್ಟುವ ಚಪ್ಪರಕ್ಕೇ ಬರುತ್ತಿದ್ದರು. ಮಾತು ಆಗಿತ್ತು, ಮುಂಗಡ ಕೊಡುವುದು ಬಾಕಿ ಇತ್ತು.

ಒಂದು ಬೆಳಿಗ್ಗೆ ಡಾಕ್ಟ್ರು ಕಾಯ್ಕಿಣಿಗೆ ಹೊರಟರು. ನದಿಯ ಕಡೆಗಿನ ಇಳಿಜಾರಿನಲ್ಲಿ ಜಂಗಲ ಹತ್ತಲು ಜನ ನಿಂತಿದ್ದರು, ಮೀನಿನ ಬುಟ್ಟಿಯ ಹೆಂಗಸರೇ ಹೆಚ್ಚು. ಡಾಕ್ಟ್ರು ಬ್ರೇಕು ಒತ್ತಿದರು. ಮೊದಲು ಹಿಡಿಯಿತು, ಆಮೇಲೆ ಒಮ್ಮೆಲೇ ಕಾಲು ತಳಕ್ಕೆ ಹೋಯಿತು. ಕೈಬ್ರೇಕು ಎಳೆದರು, ಕಾರು ನಿಲ್ಲಲಿಲ್ಲ. ಜನರ ಮೇಲೆ ಹೋಗದ ಹಾಗೆ ಅವರು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿ, ಕಟ್ಟೆ ಕಟ್ಟಲು ಒಟ್ಟಿದ್ದ ಚಿರೆಕಲ್ಲಿನ ರಾಶಿಗೆ ಗುದ್ದಿದರು. ಬೇರೆ ಯಾರಿಗೂ ಏನೂ ಆಗಲಿಲ್ಲ. ಡಾಕ್ಟ್ರ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು.

ಡಾಕ್ಟರಿಗೆ ಬಲಗೈ ಎಂದರೆ ಏನು ಎಂದು ಬರೆಯಬೇಕಾಗಿಲ್ಲ. ಮೂರು ತಿಂಗಳು ಅವರು ಹೊಲಿಗೆ ಹಾಕಲಿಲ್ಲ, ಹೆರಿಗೆ ಮಾಡಿಸಲಿಲ್ಲ. ಕಾಯ್ಕಿಣಿಯ ಜಗಲಿ ಖಾಲಿ ಬಿತ್ತು. ಆ ಕಡೆಯವರು ಎತ್ತಿನ ಗಾಡಿಯಲ್ಲಿ ಬಸುರಿಯರನ್ನು ಮಲಗಿಸಿಕೊಂಡು ಭಟ್ಕಳಕ್ಕೆ ಹೋಗಬೇಕಾಯಿತು.

ಕಾರನ್ನು ಎಳೆದು ತಂದು ಗುಂಡಿಯ ಮೇಲೆ ನಿಲ್ಲಿಸಿದೆವು. ಮಿಸ್ತ್ರಿಯವರು ಅಡಿಗೆ ಇಳಿದರು. ಬ್ರೇಕಿನ ಎಣ್ಣೆ ಚಕ್ರಕ್ಕೆ ಹೋಗುವಲ್ಲಿ ಗೇಣುದ್ದದ ರಬ್ಬರ್ ನಳಿಗೆ ಇರುತ್ತದೆ. ಅದು ಊದಿಕೊಂಡು, ಮೆತ್ತಗಾಗಿ, ಒಂದು ಕಡೆ ಸೀಳಿತ್ತು. ಮಿಸ್ತ್ರಿಯವರು ಅದನ್ನು ಬಿಚ್ಚಿ ಮೂಗಿಗೆ ಹಿಡಿದರು. ನನ್ನ ಕೈಗೂ ಕೊಟ್ಟರು.

"ಎಂತ ವಾಸನೆ ಹೇಳು."

"ಮೀನೆಣ್ಣೆ" ಎಂದೆ.

"ಆಚಾರಿ! ದೋಣಿ ಕಟ್ಟುವವನ ಕೈಗೆ ಕಾರು ಕೊಟ್ಟದ್ದೇ ನನ್ನ ತಪ್ಪು. ಕಾಗದ ತೆಗಿ, ಎಣ್ಣೆ ಬರೆದದ್ದು ಇತ್ತಲ್ಲ?"

ಕಾಗದ ತೆಗೆದುಕೊಟ್ಟೆ. ನನ್ನದೇ ದುಂಡಗಿನ ಅಕ್ಷರದಲ್ಲಿ, ಆಚಾರಿ ಕೆಲಸದ ಅಡಿಯಲ್ಲಿ ಅದು ಇತ್ತು. ಮಿಸ್ತ್ರಿಯವರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ನಾನು ಸುಮ್ಮನಿದ್ದೆ. ಸುಳ್ಳು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ಜಂಗಲದಲ್ಲಿ ಹೊನ್ನಾವರದ ಮಾತು ಭಟ್ಕಳಕ್ಕೆ ಹೋಗಲು ಅರ್ಧ ದಿನ ಸಾಕು. "ಆಚಾರಿ ಎಣ್ಣೆ ಡಾಕ್ಟ್ರ ಕೈ ಮುರೀತು" ಎಂದು ಬುಟ್ಟಿಯ ಹೆಂಗಸರೂ ಹೇಳತೊಡಗಿದರು.

ಐದನೆಯ ದಿನ ಆಚಾರಿ ಬಂದರು. ಮಿಸ್ತ್ರಿಯವರು ಮಾಡಿನಿಂದ ಹೊರಗೇ ನಿಲ್ಲಿಸಿ ಬೈದರು. "ಮರದ ಕೆಲಸ ಹೇಳಿದ್ರೆ ಮರದ ಕೆಲಸ ಮಾಡ್ಬೇಕು. ಬ್ರೇಕಿಗೆ ಎಣ್ಣೆ ಹಚ್ಚು ಹೇಳಿ ಹೇಳಿದವ ಯಾರು ನಿಂಗೆ? ಆ ಮನುಷ್ಯ ಸತ್ತಿದ್ರೆ?"

ಆಚಾರಿ ಚೀಲ ಕೆಳಗಿಟ್ಟರು. "ಒಂದ್ಸಲ ನೋಡ್ತೆ" ಎಂದು ಗುಂಡಿಗೆ ಇಳಿದರು. ನಾನೂ ದೀಪ ಹಿಡಿಯಲು ಇಳಿದೆ. ಅವರು ಚೌಕಟ್ಟಿನ ಕಬ್ಬಿಣದ ಮೇಲೆ ಅಂಗೈ ಇಟ್ಟು ನಿಧಾನ ಸವರಿದರು. ಒಣಗಿದ ಎಣ್ಣೆಯಲ್ಲಿ ಕುಂಚದ ಎಳೆಗಳು ಅಡ್ಡಡ್ಡ ಹಾಗೇ ಇದ್ದವು. ಒಂದು ಕಡೆ ಕುಂಚದ ಕೂದಲೊಂದು ಅಂಟಿತ್ತು. ಅದನ್ನು ಉಗುರಿನಿಂದ ಎತ್ತಿ ದೀಪಕ್ಕೆ ಹಿಡಿದು ನೋಡಿದರು. ಅವರು ಕುಂಚ ಮುಟ್ಟುವವರಲ್ಲ. ಬಟ್ಟೆಯ ಉಂಡೆ ಬಿಟ್ಟರೆ ಬೇರೆ ಗೊತ್ತಿಲ್ಲ. ನನ್ನ ಮುಖ ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಮೇಲೆ ಹತ್ತಿ, "ಆತು ಮಿಸ್ತ್ರಿ, ನೋಡ್ದೆ" ಎಂದಷ್ಟೇ ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಹೋದರು.

ಅದಾದ ಮೇಲೂ ನಾನು ಆರು ದಿನ ಸುಮ್ಮನಿದ್ದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಊರಲ್ಲಿ ಅಪ್ಪನ ದೋಣಿ ಹಳತಾಗಿತ್ತು, ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಮಿಸ್ತ್ರಿಯವರು ಹೊರಗೆ ಹಾಕಿದರೆ ದುಂಡಗಿನ ಅಕ್ಷರ ಕೊಳ್ಳುವವರು ಬೇರೆ ಯಾರಿದ್ದರು? ಇವೆಲ್ಲ ನಿಜವೇ. ಆದರೂ ದಿನಾ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಕಾಗದದ ಕಟ್ಟು ಬಿಚ್ಚುವಾಗ ನನ್ನ ಅಕ್ಷರ ಕಂಡರೆ ನನಗೇ ಹೇಸಿಗೆಯಾಗುತ್ತಿತ್ತು. ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಕೆಲಸ ಹೋದ್ರೆ ಊರಿಗೆ ಹೋಪ. ಆಚಾರ್ರ ಮುಂದೆ ಹಾಯ್ದ್ಕಂಡು ಊರಿಗೆ ಹೋಪೂಕೆ ಆಗ್ತದಾ, ಅದನ್ನ ನೋಡಿ" ಎಂದಳು.

ರವಿವಾರ ಕುಮಟೆಗೆ ಹೋಗಿ ಅಲ್ಲಿಂದ ಕಾಗಾಲಕ್ಕೆ ನಡೆದೆ. ಆಚಾರಿ ಚಪ್ಪರದಡಿ ಒಬ್ಬರೇ ಕೂತು ಉಳಿ ಮಸೆಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಉಳಿಯ ಬಾಯಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ನಂಗೆ ಹೇಳೂಕೆ ಇಷ್ಟು ದೂರ ಬಂದ್ಯಾ?"

"ಹೌದು ಆಚಾರ್ರೆ."

"ನಂಗೆ ಗೊತ್ತಿದ್ದದ್ದೇ ಅಲ್ದಾ? ಅವತ್ತೇ ಗೊತ್ತಾತು. ಗೊತ್ತಿಲ್ದೇ ಇದ್ದೋರಿಗೆ ಹೇಳ್ಬೇಕು ತಮಾ."

"ಅವತ್ತೇ ನೀವು ಯಾಕೆ ಹೇಳಲಿಲ್ಲ?"

"ನಾ ಹೇಳಿದ್ರೆ, ಸಿಕ್ಕಿಬಿದ್ದ ಆಚಾರಿ ಇನ್ನೊಬ್ಬನ ತಲೆಗೆ ಹಾಕ್ತ ಹೇಳ್ತಿದ್ರು. ಅದು ನೀನೇ ಹೇಳೂ ಮಾತು."

ಕೂರು ಎನ್ನಲಿಲ್ಲ, ನೀರು ಕೊಡಲಿಲ್ಲ. ಬಂದ ದಾರಿಯಲ್ಲೇ ಹಿಂತಿರುಗಿದೆ.

ಮರುದಿನ ಮಿಸ್ತ್ರಿಯವರಿಗೆ ಹೇಳಿದೆ. ಅವರು ಬೈದಿದ್ದರೆ ಸುಲಭವಿತ್ತು. ಬೈಯಲಿಲ್ಲ. ಕೈಯಲ್ಲಿದ್ದ ಪಾನಾ ಕೆಳಗಿಟ್ಟು, "ಅವನನ್ನು ಮಾಡಿನ ಹೊರಗೆ ನಿಲ್ಲಿಸಿ ಬೈದೆ ನಾನು" ಎಂದರು. ಕೈ ಒರೆಸಿಕೊಂಡು, "ಡಾಕ್ಟ್ರಿಗೆ ನೀನೇ ಹೇಳು, ನಾನು ಬರುದಿಲ್ಲ. ಹೇಳಿ ಬಂದ ಮೇಲೆ ಕೆಲಸಕ್ಕೆ ಬಾ" ಎಂದರು.

ಡಾಕ್ಟ್ರು ದವಾಖಾನೆಯಲ್ಲೇ ಇದ್ದರು. ಪ್ಲಾಸ್ಟರಿನ ಕೈ ಕುತ್ತಿಗೆಗೆ ಕಟ್ಟಿತ್ತು. ಎಡಗೈಯಿಂದ ಒಂದು ಮಗುವಿನ ಗಂಟಲು ನೋಡುತ್ತಿದ್ದರು. ಮಗುವನ್ನು ಕಳಿಸಿದ ಮೇಲೆ ನನ್ನ ಮಾತು ಪೂರ್ತಿ ಕೇಳಿದರು. ಅವರು ಕೇಳಿದ ಮೊದಲ ಪ್ರಶ್ನೆ ಇಂದಿಗೂ ನೆನಪಿದೆ.

"ಬೇರೆ ಯಾವ ಯಾವ ಗಾಡಿಗೆ ಹಚ್ಚಿದೀಯ?"

"ಯಾವುದಕ್ಕೂ ಇಲ್ಲ ಸರ್. ಡಬ್ಬದಲ್ಲಿ ಅಷ್ಟೇ ಇತ್ತು."

"ಖಂಡಿತಾ?"

"ಖಂಡಿತಾ."

ಆಗ ಅವರು ಉಸಿರು ಬಿಟ್ಟರು. ತಮ್ಮ ಕೈಯ ಮಾತು ಆಡಲೇ ಇಲ್ಲ. "ಇಸ್ಮಾಯಿಲ್ ಸಾಹೇಬರು ನನ್ನ ಮಾತು ಕೇಳಿಯೇ ಆಚಾರಿ ಹತ್ತಿರ ಹೋದವರು. ಈಗ ನನ್ನ ಕೈ ನೋಡಿ ಹಿಂದೆ ಸರಿದಿದ್ದಾರೆ. ಅವರಿಗೆ ಕಾಗದ ಬರೀಬೇಕು. ಬರೆಯುವ ಕೈ ಇಲ್ಲ. ನೀನು ಬರಿ" ಎಂದರು.

ಅವರ ಮೇಜಿನ ಮೂಲೆಯಲ್ಲಿ ಕೂತು ಬರೆದೆ. ಎಣ್ಣೆ ಹಚ್ಚಿದವನು ಆಚಾರಿಯಲ್ಲ, ಗ್ಯಾರೇಜಿನ ಗುಮಾಸ್ತ ನಾಯ್ಕ, ಯಾರನ್ನೂ ಕೇಳದೆ ಹಚ್ಚಿದನು, ಆಚಾರಿಯ ಹೆಸರಿನಡಿ ಬರೆದವನೂ ಅವನೇ. ಬರೆದು ಓದಿಹೇಳಿದೆ. "'ಯಾರನ್ನೂ ಕೇಳದೆ' ಅನ್ನೋದು ಸರಿಯಲ್ಲ. ಆಚಾರಿಗೆ ಕೇಳಿದ್ದೆ ಅಂದ್ಯಲ್ಲ? ಅವರು ಗೊತ್ತಿಲ್ಲ ಅಂದರು. ಅದನ್ನು ಹಾಕು" ಎಂದರು. ಹಾಕಿದೆ. ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿಕೊಟ್ಟರು.

ಅದೇ ದಿನ ಕಾಗದ ಹಿಡಿದು ನದಿ ದಾಟಿ ಭಟ್ಕಳಕ್ಕೆ ಹೋದೆ. ಇಸ್ಮಾಯಿಲ್ ಸಾಹೇಬರು ಅಂಗಡಿಯ ಒಳಗೆ ಕರೆದು ಕೂರಿಸಿ ಚಾ ತರಿಸಿದರು. ಕನ್ನಡಕ ಹಾಕಿಕೊಂಡು ಕಾಗದ ಎರಡು ಸಲ ಓದಿದರು.

"ಈ ನಾಯ್ಕ ಅಂದ್ರೆ ಯಾರು?"

"ನಾನೇ ಸಾಹೇಬರೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೋಡಿ ಭಾಯಿ, ಲಾಂಚಿಗೆ ಇಂಜಿನ್ ಕೂರಿಸ್ಬೇಕು. ಇಂಜಿನ್ ಹತ್ರ ಎಣ್ಣೆ ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರ್ದು ಗೊತ್ತಿಲ್ಲದ ಮನುಷ್ಯ ಅಂತ ಜಂಗಲದಲ್ಲಿ ಎಲ್ಲರೂ ಹೇಳಿದ್ರು. ನನ್ನ ಆಳುಗಳ ಜೀವದ ಪ್ರಶ್ನೆ. ನಾನು ಬೇರೆ ಕಡೆ ಮುಂಗಡ ಕೊಟ್ಟಾಯ್ತು."

"ಯಾವಾಗ?"

"ಗುರುವಾರ. ನೀವು ನಾಲ್ಕು ದಿನ ಮೊದ್ಲು ಬರ್ಬೇಕಿತ್ತು."

ನಾಲ್ಕು ದಿನ. ನಾನು ಬಾಯಿ ಬಿಡದೆ ಕೂತದ್ದು ಒಟ್ಟು ಹನ್ನೊಂದು. ಸಾಹೇಬರು ಒಳ್ಳೆಯ ಮನುಷ್ಯರು. ಆ ಕಾಗದವನ್ನು ಇಟ್ಟುಕೊಂಡು, ಕೇಳಿದವರಿಗೆಲ್ಲ ತೋರಿಸುತ್ತೇನೆ ಎಂದರು, ತೋರಿಸಿದರೂ ಕೂಡ. ಜಂಗಲದಲ್ಲಿ ಮಾತು ತಿರುಗಿತು. ಸ್ವಲ್ಪ ಕಾಲ ಬುಟ್ಟಿಯ ಹೆಂಗಸರು ನನ್ನನ್ನು ಕಂಡರೆ, "ಬಂದ್ರಪ್ಪ ಎಣ್ಣೆ ನಾಯ್ಕರು, ಬುಟ್ಟಿ ಮುಚ್ಚಿಡಿ, ಅದಕ್ಕೂ ಹಚ್ಚಿಯಾರು" ಎನ್ನುತ್ತಿದ್ದರು. ಅದು ನನಗೆ ಸಲ್ಲಬೇಕಾದದ್ದೇ. ಆದರೆ ಆ ಲಾಂಚು ಬೇರೊಬ್ಬರ ಕೈಯಲ್ಲಿ ನೀರಿಗಿಳಿಯಿತು. ಅದನ್ನು ನೋಡಿದವರು ಮುಂದಿನ ಲಾಂಚುಗಳಿಗೂ ಆ ಮನೆಗೇ ಹೋದರು.

ಡಾಕ್ಟ್ರ ಕಾರಿಗೆ ಮತ್ತೆ ನಾನೇ ಅಂದಾಜು ಬರೆದೆ. ಮಿಸ್ತ್ರಿಯವರೇ ಬರೆಯಲು ಹೇಳಿದರು. ಮುಂಬಯಿಯಿಂದ ಹೊಸ ನಳಿಗೆಗಳು ಬಂದವು. ಕಬ್ಬಿಣಕ್ಕೆ ಅಂಟಿದ್ದ ಎಣ್ಣೆಯನ್ನು ಸೀಮೆಎಣ್ಣೆ ಹಾಕಿ ನಾನೊಬ್ಬನೇ ಮೂರು ದಿನ ಉಜ್ಜಿ ತೆಗೆದೆ. ಅಂದಿನಿಂದ ನನ್ನ ಕಾಗದದಲ್ಲಿ ಪ್ರತಿ ಸಾಲಿನ ಎದುರಿಗೆ ಕೆಲಸ ಮಾಡಿದವನ ಹೆಸರು ಬಿತ್ತು. ಸಾಲಿಗೆ ಜಾಗ ಸಾಲದಿದ್ದರೆ ಇನ್ನೊಂದು ಕಾಗದ ತೆಗೆದುಕೊಂಡೆ. ಕಿರಿಯರಿಗೆ ನಾನು ಹೇಳಿಕೊಡಬಹುದಾದ ಪದ್ಧತಿ ಇದೊಂದೇ. ಉಳಿದದ್ದು ಪಟ್ಟಿಯಲ್ಲಿ ಸಿಗುತ್ತದೆ.

ಭಟ್ಕಳದಿಂದ ಬಂದ ಮರುದಿನವೇ ನಾನು ಕಾಗಾಲಕ್ಕೆ ಹೋಗಿದ್ದೆ. ಲಾಂಚು ಹೋಯಿತು ಎಂದು ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕಿತ್ತು. ಮಧ್ಯಾಹ್ನದ ಹೊತ್ತು. ಆಚಾರಿ ಒಂದು 'ಪಾತಿ'ಗೆ ಹಲಗೆ ಕೂರಿಸುತ್ತಿದ್ದರು. ಹಲಗೆಗೆ ಬಿಸಿ ತಾಗಿಸಿ ಬಗ್ಗಿಸಿದ್ದರು. ಅದು ಆರುವುದರೊಳಗೆ ಎರಡೂ ತುದಿ ಹಿಡಿದು ಮೊಳೆ ಹೊಡೆಯಬೇಕು. ಅವರ ಜೊತೆ ಯಾರೂ ಇರಲಿಲ್ಲ. ಒಂದು ತುದಿಗೆ ಹಗ್ಗ ಕಟ್ಟಿ, ಇನ್ನೊಂದನ್ನು ಮೊಣಕಾಲಿನಿಂದ ಒತ್ತಿಕೊಂಡಿದ್ದರು.

ದೂರದಿಂದಲೇ ಹೇಳಿದೆ: "ಗುರುವಾರವೇ ಬೇರೆಯವರಿಗೆ ಕೊಟ್ಟಿದ್ದಾರೆ ಆಚಾರ್ರೆ. ನಾಲ್ಕು ದಿನ ಮೊದಲು ಹೋಗಿದ್ರೆ ಸಿಗ್ತಿತ್ತು."

ಅವರು ಸುತ್ತಿಗೆ ಎತ್ತಿದವರು ಹಾಗೇ ನಿಂತರು. ನದಿಯ ಕಡೆ ನೋಡಿದರು. ಮೊಣಕಾಲಿನ ಕೆಳಗಿನ ಹಲಗೆ ನಿಧಾನಕ್ಕೆ ಮೇಲೆ ಏಳತೊಡಗಿತು.

"ಆತು" ಎಂದರು. "ಅಲ್ಲಿ ನಿಂತು ಎಂತ ಮಾಡ್ತೆ? ಬಂದು ತುದಿ ಹಿಡಿ. ಹಲಗೆ ಆರ್ತದೆ."

ಹೋಗಿ ಹಿಡಿದೆ. ಮರ ಇನ್ನೂ ಬಿಸಿಯಿತ್ತು, ಅಂಗೈ ಚುರುಗುಟ್ಟಿತು. ಅವರು ಮೊಳೆಯ ಮೇಲೆ ಮೊಳೆ ಹೊಡೆಯುತ್ತ ನನ್ನ ಕಡೆಗೆ ಬಂದರು. ಹಲಗೆ ಕೂತಿತು. ಬೆವರು ಒರೆಸಿಕೊಂಡು ಇನ್ನೊಂದು ಹಲಗೆಯನ್ನು ಬೆಂಕಿಯ ಮೇಲಿಂದ ಎತ್ತಿದರು. ನಾನು ಅದರ ತುದಿಗೆ ಹೋಗಿ ನಿಂತೆ.